ಕಾಕಾನಿಗೆ ಕಾಣದ ಎಡಗಡೆ

ನಮ್ಮ ಕಾಕಾನ ಕಣ್ಣಿನಲ್ಲಿ ಪಾಸಾದ ವಸ್ತು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬೆಟಗೇರಿಯಲ್ಲಿ ನಲವತ್ತು ವರ್ಷ ಸೀರೆ ನೇಯ್ದ ಮನುಷ್ಯ. ಲಕ್ಷ್ಮೇಶ್ವರದ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ಹೋಗಿ, ಮದುಮಗಳ ಸೆರಗು ಹಿಡಿದು "ಇಲ್ಲೊಂದು ಎಳಿ ತಪ್ಪೇತಿ" ಎಂದವನು! ಇಂಥವನಿಗೆ ಲಕ್ವಾ ಹೊಡೆಯಿತು. ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಪುಣ್ಯಕ್ಕೆ ಮಾತು ಉಳಿದಿತ್ತು. ಅಂದಮೇಲೆ ತಕರಾರೂ ಉಳಿದಿತ್ತು.

ಮೊದಲ ಊಟಕ್ಕೇ ಶುರು. "ಬರೇ ರೊಟ್ಟಿ ಹಾಕೀರಲ್ಲ, ಪಲ್ಯಾ ಯಾರು ಹಾಕಬೇಕು?"

ತಾಟಿನ ಎಡಗಡೆ ಬದನೆಕಾಯಿ ಪಲ್ಯ ರಾಶಿ ಬಿದ್ದಿತ್ತು. ನಾನು ದಂಗಾದೆ. ಮೆಲ್ಲಗೆ ತಾಟನ್ನು ತಿರುಗಿಸಿದೆ.

"ಹಾಂ, ಬೈದ ಮ್ಯಾಲೆ ಬಂತು ನೋಡು" ಎಂದ. ಆಮೇಲೆ ರೊಟ್ಟಿ ಎಲ್ಲಿ ಹೋಯಿತೆಂದು ಇನ್ನೊಂದು ಜಗಳ.

ಮರುದಿನ ಅವನ ಬಲಗೈಗೆ ಹಾಸಿಗೆಯಲ್ಲಿ ಏನೋ ತಗುಲಿತು. "ಇದು ಯಾರ ಕೈಯಲೇ? ತಗಿ ಇದನ್ನ" ಎಂದ. ಅದು ಅವನದೇ ಎಡಗೈ. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ.

ವ್ಯಾಯಾಮ ಮಾಡಿಸಲು ಗದಗಿನಿಂದ ಬರುತ್ತಿದ್ದ ಹುಡುಗಿ ತಿಳಿಸಿ ಹೇಳಿದಳು: "ಕಣ್ಣು ಸರಿ ಅದಾವ್ರಿ. ಮೆದುಳು ಎಡಗಡೆ ಲಕ್ಷ್ಯ ಕೊಡವಲ್ದು. ನೀವು ಎಡಕ್ಕ ಕುಂತು ಮಾತಾಡಸ್ರಿ, ಅವರೇ ತಿರಗಬೇಕು."

ಅಂದಿನಿಂದ ಕಾಕು ಗಂಡನ ಎಡಗಡೆ ಕೂತು, ಆ ಬೇವಾರಸಿ ಕೈಯನ್ನು ಹಿಡಿದುಕೊಂಡೇ ಇದ್ದಳು. ಕಾಕಾ ಬಲಕ್ಕಿದ್ದ ನನ್ನನ್ನು ಕೇಳುತ್ತಿದ್ದ: "ನಿಮ್ಮ ಕಾಕು ಎಲ್ಲದಾಳಲೇ? ನಾ ಹಿಂಗ ಬಿದ್ದೀನಿ, ತವರಮನಿಗೆ ಹೋಗ್ಯಾಳೇನು?"

"ಇಲ್ಲೇ ಅದೀನ್ರಿ" ಎನ್ನುತ್ತಿದ್ದಳು ಕಾಕು.

"ಅಡಗಿಮನ್ಯಾಗಿಂದ ಒದರತಾಳ ನೋಡು. ಹೊರಗ ಬರಾಕ ಏನಾಗೇತಿ ಆಕಿಗೆ?"

ಕಾಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡ ತನ್ನನ್ನು ಇನ್ನು ನೋಡುವುದೇ ಇಲ್ಲವೇನೋ ಎಂಬ ಹೆದರಿಕೆ ಅವಳಿಗೆ. ನನಗೂ ಇತ್ತು.

ನಿಲ್ಲಿಸಿದರೆ ಎಡಕ್ಕೆ ವಾಲಿ ಬೀಳುತ್ತಿದ್ದ. ತಪ್ಪು ಅವನದಲ್ಲ, "ಗೌಂಡಿ ನೆಲಾ ಸರಿ ಮಾಡಿಲ್ಲ."

ಒಂದು ಬೆಳಿಗ್ಗೆ ಆ ಹುಡುಗಿ "ಮಗ್ಗದವರಲ್ರಿ, ಒಂದು ಸೀರಿ ತರ್ರಿ" ಎಂದಳು. ಅಡ್ಡಕ್ಕೆ ಬಿಡಿಸಿ ಅವನ ಮುಂದೆ ಹಿಡಿದೆವು. ಬಲ ಅಂಚು ನನ್ನ ಕೈಯಲ್ಲಿ, ಎಡ ಅಂಚು ಕಾಕುವಿನ ಕೈಯಲ್ಲಿ. ಹುಡುಗಿ ಸೊಂಟ ಹಿಡಿದು ಕಾಕಾನನ್ನು ನಿಲ್ಲಿಸಿದಳು.

ಕಾಕಾ ನೋಡಿದ. "ಒಂದ ದಡಿ ಐತಿ. ಇನ್ನೊಂದು ದಡಿ ಎಲ್ಲೈತಿ? ಒಂದ ಅಂಚಿನ ಸೀರಿ ಯಾವ ಖೋಡಿ ನೇಯ್ದಾನಲೇ?"

"ನೀನ ನೇಯ್ದದ್ದು ಕಾಕಾ."

ಕಾಕಾ ನೇಯ್ದ ಸೀರೆಗೆ ಒಂದೇ ಅಂಚೇ? ಸಾಧ್ಯವೇ ಇಲ್ಲ. ಬಲಗೈಯನ್ನು ಬಟ್ಟೆಯ ಮೇಲಿಟ್ಟು ಎಡಕ್ಕೆ ಸರಿಸತೊಡಗಿದ. ಬೆರಳು, ಆಮೇಲೆ ಕಣ್ಣು, ಆಮೇಲೆ ಕತ್ತು. ವಾಲಿದ, ಆದರೆ ಬೀಳಲಿಲ್ಲ. ಕೊನೆಗೆ ಬೆರಳಿಗೆ ಅಂಚು ಸಿಕ್ಕಿತು. ಅಂಚಿನ ಮೇಲೆ ಹಸಿರು ಬಳೆಯ ಕೈ ಇತ್ತು. ಮುಖ ಎತ್ತಿ ಬಹಳ ಹೊತ್ತು ನೋಡಿದ.

"ಯಾವಾಗ ಬಂದಿ?"

ಹನ್ನೊಂದು ದಿನದಿಂದ ಅಲ್ಲೇ ಕೂತಿದ್ದ ಕಾಕು ಹೇಳಿದಳು: "ಈಗ ಬಂದ್ನಿರಿ."