ನಾಲ್ಕು ಕಿಲೋ ಕೊರತೆ

ಪೆಟ್ಟಿಗೆ ಜಾರಿದ್ದು ಒಂದೇ ಗೇಣು. ಬಿದ್ದದ್ದು ಮಾತ್ರ ಸಾಹೇಬರ ಬಲಗಾಲಿನ ಹೆಬ್ಬೆರಳ ಮೇಲೆ. ಬೇರೆ ಯಾರ ಬೆರಳ ಮೇಲೆ ಬಿದ್ದಿದ್ದರೂ ತಕ್ಕಡಿಯಪ್ಪನ ಬದುಕು ನೆಟ್ಟಗೇ ನಡೆಯುತ್ತಿತ್ತು.

ತೂಕ ಪರೀಕ್ಷೆಯ ಕಚೇರಿಯ ಜವಾನನಾದ್ದರಿಂದ ಅವನನ್ನು ಎಲ್ಲರೂ ಕರೆಯುವುದೇ ಹಾಗೆ. ಅಂಗಡಿ ಅಂಗಡಿಗೆ ಹೋಗಿ ತೂಕದ ಬಟ್ಟುಗಳು ಸರಿಯಿವೆಯೇ ಎಂದು ನೋಡುವುದು ಸಾಹೇಬರ ಕೆಲಸ. ಅವರ ಹಿಂದೆ ಮಾದರಿ ಬಟ್ಟುಗಳ ಇಪ್ಪತ್ತು ಕಿಲೋ ಪೆಟ್ಟಿಗೆ ಹೊರುವುದು ಇವನ ಕೆಲಸ. ಹದಿನಾಲ್ಕು ವರ್ಷ ಪೇಟೆಯ ಬಿಸಿಲು, ಹರಟೆ, ಚಹಾದಲ್ಲೇ ಅರಳಿದ ಜೀವ.

ಬೆರಳಿಗೆ ಪಟ್ಟಿ ಸುತ್ತಿಸಿಕೊಂಡ ಸಾಹೇಬರು ಹೇಳಿದ್ದಿಷ್ಟೆ: “ಎರಡು ತಿಂಗಳು ಟೈಮು. ಆಮೇಲೆ ಈ ಪೆಟ್ಟಿಗೇನ ನೆಲದಿಂದ ಮೇಲಿನ ಹಲಗೆಗೆ ಹತ್ತು ಸಲ ಎತ್ತಿ ತೋರಿಸ್ಬೇಕು. ಆಗದಿದ್ರೆ ನಿಂಗೆ ನೆಲಮಾಳಿಗೇನೇ ಗತಿ.”

ನೆಲಮಾಳಿಗೆ ಅಂದರೆ ಜಪ್ತಿಯಾದ ಕಳ್ಳ ತಕ್ಕಡಿಗಳನ್ನು ಪೇರಿಸಿಟ್ಟ ಕೋಣೆ. ಕಿಟಕಿಯಿಲ್ಲ, ಮಾತಿಗೆ ಜನವಿಲ್ಲ. ಇಲಿಗಳೂ ಬೇಜಾರಾಗಿ ಬಿಟ್ಟುಹೋದ ಜಾಗ.

ವ್ಯಾಯಾಮ ಹೇಳಿಕೊಡುವ ತಂಗಿಯ ಮಗಳು ಧೈರ್ಯ ತುಂಬಿದಳು. ಗುಜರಿ ಅಂಗಡಿಯಲ್ಲಿ ಹುಡುಕಿ ಒಂದು ಕೆಟಲ್‌ಬೆಲ್ ತಂದುಕೊಟ್ಟಳು. ಹಿಡಿಕೆಯಿರುವ ಕಬ್ಬಿಣದ ಗುಂಡು. ನೋಡಿದರೆ ಸಿಟ್ಟಿಗೆ ಮುಖ ಊದಿಸಿಕೊಂಡ ಕೊಡದಂತಿತ್ತು. ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ‘16’ ಎಂದು ಬರೆದಿತ್ತು.

“ಎದೆ ಹತ್ರ ಹಿಡ್ಕೋ ಮಾವ. ಬೆನ್ನು ನೆಟ್ಟಗಿರ್ಲಿ. ಕುಕ್ಕರಗಾಲಲ್ಲಿ ಕೂರು, ಏಳು, ಏಳೋ ಜೋರಲ್ಲೇ ಗುಂಡನ್ನ ತಲೆ ಮೇಲಕ್ಕೆ ಎತ್ತು. ಎತ್ತೋದು ಕೈಯಲ್ಲ, ತೊಡೆ!”

ಮೊದಲ ವಾರ ತಕ್ಕಡಿಯಪ್ಪ ತೊಡೆ ನೋವಿಗೆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಎರಡನೆಯ ತಿಂಗಳಿಗೆ ಹತ್ತು ಸಲ ಎತ್ತಿ ಶಿಳ್ಳೆ ಹಾಕುವಷ್ಟಾದ.

ಪರೀಕ್ಷೆಯ ದಿನ ಬೆಳಿಗ್ಗೆ ಮನೆಯ ಮಾಳಿಗೆಯ ಮೇಲೆ ಕೊನೆಯ ಅಭ್ಯಾಸ ನಡೆದಿತ್ತು. ಕೆಳಮನೆಯ ಲೆಕ್ಕದ ಮೇಷ್ಟ್ರು, ನಿವೃತ್ತಿಯಾದರೂ ಪ್ರಶ್ನೆ ಬಿಡದವರು, ಮೆಟ್ಟಿಲೇರಿ ಬಂದರು.

“ಗುಂಡು ಎಷ್ಟು ತೂಕ?”

“ಹದಿನಾರು, ಮೇಷ್ಟ್ರೇ.”

“ಪೆಟ್ಟಿಗೆ?”

“ಇಪ್ಪತ್ತು.”

“ಹಾಗಾದ್ರೆ ಉಳಿದ ನಾಲ್ಕು ಕಿಲೋನ ಯಾರಪ್ಪಾ ಎತ್ತೋದು? ನಾನಾ?”

ತಕ್ಕಡಿಯಪ್ಪ ಗುಂಡನ್ನು ಕೆಳಗಿಟ್ಟ. ಈ ಲೆಕ್ಕ ಅವನಿಗೂ ಎಷ್ಟೋ ಸಲ ಹೊಳೆದಿತ್ತು. ಹೊಳೆದಾಗಲೆಲ್ಲ ಮನಸ್ಸಿನಿಂದ ಹೊರಗೆ ದಬ್ಬಿ ಅಗಳಿ ಹಾಕಿದ್ದ.

ಮೇಷ್ಟ್ರು ಸುಮ್ಮನಿರಲಿಲ್ಲ. ಕೆಳಗೆ ಹೋಗಿ, ಸರಿಯಾಗಿ ನಾಲ್ಕು ಕಿಲೋ ತೂಗುವ ತಮ್ಮ ದಪ್ಪ ನಿಘಂಟನ್ನು ತಂದು ಗುಂಡಿನ ಹಿಡಿಕೆಗೆ ಹಗ್ಗದಿಂದ ಬಿಗಿದರು. “ಈಗ ಇಪ್ಪತ್ತಾಯ್ತು. ಎತ್ತು ನೋಡೋಣ!”

ತಕ್ಕಡಿಯಪ್ಪ ಕೂತ. ಕೂತವನು ಏಳಲಿಲ್ಲ. ಹಲ್ಲು ಕಚ್ಚಿ ಮತ್ತೆ ಹವಣಿಸಿದ. ಅರ್ಧಕ್ಕೆ ಏಳುವಷ್ಟರಲ್ಲಿ ಹಗ್ಗ ಕಿತ್ತುಹೋಯಿತು. ನಿಘಂಟು ಹಾರಿ, ಹೆಂಡತಿ ಬಟ್ಟೆ ನೆನೆಸಿಟ್ಟಿದ್ದ ಟಬ್ಬಿಗೆ ಬಿತ್ತು. ಅಕ್ಷರಮಾಲೆಯ ಜೊತೆಗೆ ಮೇಷ್ಟ್ರೂ ಸೋಪಿನ ನೀರಲ್ಲಿ ತೊಯ್ದರು.

ಹೆಂಡತಿ ಸೆರಗು ಸಿಕ್ಕಿಸಿದಳು. “ಮೇಷ್ಟ್ರೇ, ಇವರ ಹತ್ರ ಇದ್ದಿದ್ದೇ ಒಂಚೂರು ಧೈರ್ಯ. ಅದನ್ನೂ ಕಳೆದು ಸೊನ್ನೆ ಮಾಡಿದ್ರಾ?” ಗಂಡನ ಕಡೆ ತಿರುಗಿ ದನಿ ತಗ್ಗಿಸಿದಳು. “ನೀವು ಹೋಗ್ರಿ. ಮುಳುಗಿದವನಿಗೆ ಚಳಿಯೇನು, ಮಳೆಯೇನು?”

ಪರೀಕ್ಷೆಗೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಗುಂಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ದಾರಿಗಡ್ಡವಾಗಿದ್ದ ಚೀಲವನ್ನು ಸರಿಸಲು ಹೋದ ಕಂಡಕ್ಟರು ಸೊಂಟ ಹಿಡಿದುಕೊಂಡು ನಿಂತ. “ಏನ್ರೀ ಇದು?”

“ಕಬ್ಬಿಣದ ಗುಂಡು. ಹದಿನಾರೇ ಕಿಲೋ.”

“ಯಾವನ್ರೀ ಹೇಳಿದ್ದು ಹದಿನಾರು ಅಂತ? ನನ್ನ ಸೊಂಟ ಬೇರೇನೇ ಹೇಳ್ತಿದೆ!”

ಆ ಸಂಕಟದಲ್ಲೂ ತಕ್ಕಡಿಯಪ್ಪನಿಗೆ ನಗು ಬಂತು. ತೂಕದ ಕಚೇರಿಯವನಿಗೇ ತೂಕ ಕಲಿಸುತ್ತಾನಲ್ಲ, ಮಹಾರಾಯ!

ಕಚೇರಿಯಲ್ಲಿ ಜನ ಸೇರಿಯೇ ಇತ್ತು. ಬಟ್ಟುಗಳಿಗೆ ಮುದ್ರೆ ಒತ್ತುವ ಗುಮಾಸ್ತ ಕಿಸಕ್ಕೆಂದ: “ನೆಲಮಾಳಿಗೆ ಬೀಗಕ್ಕೆ ಎಣ್ಣೆ ಬಿಟ್ಟಿದೀನಪ್ಪಾ, ಸಲೀಸಾಗಿ ತೆಗೀಬಹುದು.” ಸಾಹೇಬರು ಮುನ್ನೆಚ್ಚರಿಕೆಯಾಗಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟುಕೊಂಡು, “ಹೂಂ, ಶುರು ಮಾಡು” ಎಂದರು.

ತಕ್ಕಡಿಯಪ್ಪ ಕಣ್ಣು ಮುಚ್ಚಿ ಪೆಟ್ಟಿಗೆಯನ್ನು ಎದೆಗವಚಿಕೊಂಡ. ಕೂತ, ಎದ್ದ, ಎತ್ತಿದ.

ಪೆಟ್ಟಿಗೆ ಹಲಗೆಯ ಮೇಲೆ ಹೋಗಿ ಕೂತಿತ್ತು!

ಎರಡು. ಮೂರು. ಹಳೆಯ ಗೆಳೆಯನ ಹೆಗಲ ಮೇಲೆ ಕೈಹಾಕಿದಷ್ಟು ಪರಿಚಯದ ಭಾರ. ಎಂಟಕ್ಕೆ ತೊಡೆ ನಡುಗಿತು. ‘ಎತ್ತೋದು ಕೈಯಲ್ಲ’ ಎಂದು ನೆನಪಾಯಿತು. ಒಂಬತ್ತು, ಹತ್ತು. ಖುಷಿಗೆ ಹನ್ನೊಂದು. ಚಪ್ಪಾಳೆ ಬಿತ್ತು. ಸಾಹೇಬರು ಕಾಲು ಕೆಳಗಿಟ್ಟು ಎರಡು ತಿಂಗಳಲ್ಲಿ ಮೊದಲ ಸಲ ನಕ್ಕರು. “ಭೇಷ್! ನಾಳೆಯಿಂದ ಪೇಟೆಗೆ ನೀನೇ.”

ಇಲ್ಲಿಗೆ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. ಗೆದ್ದವನ ಬಾಯಿ ಎಲ್ಲಿ ಮುಚ್ಚುತ್ತದೆ?

“ಎಲ್ಲಾ ಇದರ ದಯೆ ಸಾರ್!” ಎಂದು ಗುಂಡನ್ನು ತೆಗೆದು ಮೇಜಿನ ಮೇಲಿಟ್ಟ. “ಬರೀ ಹದಿನಾರರಲ್ಲಿ ಕಲಿತು ಇಪ್ಪತ್ತು ಎತ್ತಿಬಿಟ್ಟೆ!”

“ಅದು ಹೇಗಾಗತ್ತೆ?” ಹೊಟ್ಟೆ ಉರಿದ ಗುಮಾಸ್ತ ಗುಂಡನ್ನು ಕಚೇರಿಯ ತಕ್ಕಡಿಗೆ ಏರಿಸಿದ. ಮುಳ್ಳು ಇಪ್ಪತ್ತಕ್ಕೆ ಹೋಗಿ ನಿಂತಿತು.

“ಅಯ್ಯೋ, ಮೇಷ್ಟ್ರು ನನ್ ಕೈಲಿ ಎತ್ತಿಸೋಕೆ ಹೋಗಿದ್ದು ಇಪ್ಪತ್ನಾಲ್ಕು!” ಎಂದು ತಕ್ಕಡಿಯಪ್ಪ ಕುಣಿದ. ಆದರೆ ಸಾಹೇಬರ ನಗು ಇಳಿದಿತ್ತು.

“ಹದಿನಾರು ಅಂತ ಬರೆದು ಇಪ್ಪತ್ತು ತೂಗತ್ತಾ? ನಮ್ಮ ಇಲಾಖೆಯವನ ಮನೇಲೇ ಸುಳ್ಳು ತೂಕ?”

“ಹೆಚ್ಚಿದೆ ಸಾರ್, ಕಮ್ಮಿ ಅಲ್ಲ!”

“ಹೆಚ್ಚಾದ್ರೂ ಸುಳ್ಳು ಸುಳ್ಳೇ. ಜಪ್ತಿ ಮಾಡಿ. ವಿಚಾರಣೆ ಮುಗಿಯೋವರೆಗೆ ನೀನು ಪೇಟೆಗೆ ಹೋಗೋ ಹಾಗಿಲ್ಲ, ನೆಲಮಾಳಿಗೇಲಿ ಇರು. ಈ ಗುಂಡನ್ನ ದಿನಾ ಬೆಳಿಗ್ಗೆ ಇಳಿಸಿ ತೋರಿಸ್ಬೇಕು, ಸಂಜೆ ಮೇಲಿನ ಹಲಗೆಗೆ ಎತ್ತಿಡ್ಬೇಕು.” ಗುಮಾಸ್ತನ ಕಡೆ ತಿರುಗಿದರು. “ಪೆಟ್ಟಿಗೆ ಇನ್ಮೇಲೆ ನಿಂದು. ಎತ್ತು, ಹೊರಡೋಣ.”

ಎಣ್ಣೆ ಬಿಟ್ಟ ಬೀಗ ಸಲೀಸಾಗಿಯೇ ತೆರೆಯಿತು. ಕಳ್ಳ ತಕ್ಕಡಿಗಳ ನಡುವೆ ತಕ್ಕಡಿಯಪ್ಪ ಗುಂಡು ತಬ್ಬಿಕೊಂಡು ಕೂತ. ಪೇಟೆ ನೆನಪಾಗಿ ಕಣ್ಣು ತುಂಬುವುದರಲ್ಲಿತ್ತು.

ಅಷ್ಟರಲ್ಲಿ ಮೇಲಿನಿಂದ ‘ದಡ್’ ಎಂದು ಸದ್ದು ಬಂತು. ಹಿಂದೆಯೇ ಸಾಹೇಬರ ದನಿ: “ಅಯ್ಯಯ್ಯೋ, ನನ್ನ ಎಡಗಾಲು!”

ತಕ್ಕಡಿಯಪ್ಪ ಕಣ್ಣೊರೆಸಿಕೊಂಡ. ಪಾದ ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ, ಗುಂಡನ್ನು ಎದೆಗೆ ತಂದ.

“ಒಂದು” ಎಂದ.