ಗುಡುಗಪ್ಪನ ಬಿಪಿ

"ಬಿಪಿ ಏರಿದೆ ಕಣಯ್ಯ. ಮೊದಲು ಆ ಗದ್ದಲದಿಂದ ಆಚೆ ಬಾ," ಎಂದು ಬೀದಿ ಮೂಲೆಯ ಡಾಕ್ಟರು ಗುಡುಗಪ್ಪನಿಗೆ ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು. ಡಬ್ಬಿಯ ಮುಚ್ಚಳ ಒತ್ತುವ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತು ನಿಂತು ಆತನ ಮಾತೆಲ್ಲ ಕೂಗಾಗಿತ್ತು; ಗುಡುಗಪ್ಪ ಎಂಬ ಅಡ್ಡಹೆಸರೇ ಗಟ್ಟಿಯಾಗಿತ್ತು. ಕಾರ್ಖಾನೆಯ ಹಿಂಬದಿಯಲ್ಲಿ ಸಾಮಾನು ಕೋಣೆಯೊಂದಿತ್ತು. ದಪ್ಪ ಗೋಡೆ, ಒಳಗೆ ಸದ್ದೇ ಇಲ್ಲ. ಅಲ್ಲಿನ ಕೆಲಸ ಖಾಲಿಯೂ ಇತ್ತು. ಆದರೆ ಮ್ಯಾನೇಜರು ಸುಲಭಕ್ಕೆ ಬಗ್ಗುವ ಆಸಾಮಿಯೇ?

"ಇವತ್ತು ನಮ್ಮ ಕಾರ್ಖಾನೆ ಡಾಕ್ಟರು ವರ್ಷದ ತಪಾಸಣೆಗೆ ಬರ್ತಾರೆ. ಅವರೂ ಬಿಪಿ ಇದೆ ಅಂದ್ರೆ ಆ ಕೋಣೆ ನಿಂದು," ಎಂದುಬಿಟ್ಟರು.

ಜೊತೆಗಾರರು ಟೊಂಕ ಕಟ್ಟಿ ನಿಂತರು. "ಇರೋ ಬಿಪಿ ಸಮಯಕ್ಕೆ ಕೈಕೊಟ್ರೆ ಏನಣ್ಣಾ ಗತಿ?" ಎಂದು ಪ್ಯಾಕಿಂಗಿನ ಅಕ್ಕ ಉಪ್ಪು ಹಚ್ಚಿದ ಕಡಲೆಬೀಜ ತಂದು ಸುರಿದಳು. ವೆಲ್ಡರ್ ಅವನ ಕಿವಿಗೆ ಬಾಯಿಟ್ಟು, "ನಿಮ್ಮ ಭಾವಮೈದ ನಿಮ್ಮನ್ನ ಏನಂದ ಗೊತ್ತಾ?" ಎಂದು ಕಿರುಚಿ, ಅವನು ಅನ್ನದ್ದನ್ನೆಲ್ಲ ಹೇಳಿದ. ಗುಡುಗಪ್ಪನ ಮುಖ ಕೆಂಡವಾಯಿತು.

"ಶಭಾಷ್! ಹೀಗೇ ಇರಿ, ಆರೋಕೆ ಬಿಡಬೇಡಿ!" ಎಂದ ವೆಲ್ಡರ್.

ಡಾಕ್ಟರು ಬಂದರು. ತೋಳಿಗೆ ಪಟ್ಟಿ ಸುತ್ತಿದರು, ಕಿವಿಗೆ ಕೊಳವೆ ಸಿಕ್ಕಿಸಿಕೊಂಡರು, ಮುಖ ಹುಳ್ಳಗೆ ಮಾಡಿದರು. "ಈ ಗಲಾಟೇಲಿ ನನ್ನ ಮಾತೇ ನನಗೆ ಕೇಳಿಸ್ತಿಲ್ಲ, ಇವರ ನಾಡಿ ಎಲ್ಲಿ ಕೇಳಿಸುತ್ತೆ? ಯಂತ್ರ ಎಲ್ಲ ನಿಲ್ಸಿ!"

"ನಿಲ್ಸೋದಾ?" ಮ್ಯಾನೇಜರು ಎದೆ ಹಿಡಿದುಕೊಂಡರು.

ಒಂದೊಂದಾಗಿ ಯಂತ್ರಗಳು ನಿಂತವು. ಗುಡುಗಪ್ಪನಿಗೆ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು, ಮಾಡಿನ ಮೇಲೆ ಹಕ್ಕಿ ಕುಪ್ಪಳಿಸುವುದು ಕೇಳಿಸಿತು. ಅಬ್ಬಾ, ಎಂಥ ಸುಖ!

"ಸ್ವಲ್ಪ ಹೊತ್ತು ಸುಮ್ನೆ ಕೂತಿರಿ, ಆಮೇಲೆ ನೋಡೋಣ," ಎಂದರು ಡಾಕ್ಟರು. ಕೂತವನ ಕಣ್ಣು ತಾನಾಗಿ ಮುಚ್ಚಿತು. ಅಕ್ಕ ಕೆಮ್ಮಿದಳು, ವೆಲ್ಡರ್ ಕಾಲು ತುಳಿದ. ಉಹೂಂ, ಗುಡುಗಪ್ಪ ಹಸುಗೂಸಿನಂತೆ ಗೊರಕೆ ಹೊಡೆಯುತ್ತಿದ್ದ.

"ಭೇಷ್! ಹುಡುಗರಿಗೂ ಬಿಪಿ ಇಷ್ಟು ಚೆನ್ನಾಗಿರಲ್ಲ," ಎಂದು ಡಾಕ್ಟರು ಪಟ್ಟಿ ಬಿಚ್ಚಿ ಅವನನ್ನು ತಟ್ಟಿ ಎಬ್ಬಿಸಿದರು. ಅಕ್ಕ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಮ್ಯಾನೇಜರು ಸತ್ತಂತೆ ನಿಂತ ಯಂತ್ರಗಳ ನಡುವೆ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತ, "ಆಯ್ತಾ? ಇನ್ನೂ ಆಗ್ಲಿಲ್ವಾ?" ಎಂದು ಬೆವರುತ್ತಿದ್ದರು. ಡಾಕ್ಟರು ಅವರನ್ನು ದಿಟ್ಟಿಸಿದರು.

"ಸ್ವಾಮಿ, ನಿಮ್ಮ ತೋಳು ಕೊಡಿ ಸ್ವಲ್ಪ... ಅಯ್ಯಯ್ಯೋ! ಏನ್ರೀ ಇದು ಬಿಪಿ! ನೀವು ಇವತ್ತಿಂದಲೇ ಸದ್ದಿಲ್ಲದ ಜಾಗದಲ್ಲಿ ಕೂರಬೇಕು."

ಸಂಜೆಯೊಳಗೆ ಮ್ಯಾನೇಜರ ಮೇಜು ಸಾಮಾನು ಕೋಣೆ ಸೇರಿತು. ಹೊತ್ತೊಯ್ದವನು ಗುಡುಗಪ್ಪನೇ.

ವಾಪಸು ಬಂದು ಮುಚ್ಚಳ ಒತ್ತತೊಡಗಿದವನನ್ನು ನೋಡಿ ಅಕ್ಕ ಹತ್ತಿರ ಬಂದಳು. "ಬೇಜಾರಾಯ್ತೇನಣ್ಣಾ?"

"ಹೋಗ್ಲಿ ಬಿಡಮ್ಮಾ!" ಎಂದು ಅವನು ತೃಪ್ತಿಯಿಂದ ಕೂಗಿದ. "ಮುಂದಿನ ವರ್ಷ ಡಾಕ್ಟರು ಮತ್ತೆ ಬರ್ತಾರಲ್ಲ, ಇನ್ನೊಂದು ನಿದ್ದೆ ಆಗುತ್ತೆ!"