ಕರಿಬಂಡೆಯ ಮೇಲಿನ ಹೆಬ್ಬೆಟ್ಟು

ಕನಕರಾಯ ಅವತ್ತು ಕೈ ಎತ್ತಬಾರದಿತ್ತು. ರಾಯಚೂರಿನ ಆ ತಣ್ಣನೆಯ ಸಭಾಂಗಣಕ್ಕೆ ಬಂದಿದ್ದ ಉಳಿದ ರೇಷನ್ ಅಂಗಡಿಯವರೆಲ್ಲ ಕೊಟ್ಟ ಬಿಸ್ಕತ್ತು ತಿಂದು, ಚಹಾ ಕುಡಿದು, ಹೇಳಿದಾಗ ಚಪ್ಪಾಳೆ ತಟ್ಟಿ ಬಸ್ಸು ಹತ್ತಿದರು. ಇವನೊಬ್ಬ ಕೈ ಎತ್ತಿದ.

ಸಭೆ ಕರೆದದ್ದು ಸಂಪರ್ಕ ಸಂಶೋಧನಾ ಆದ್ಯತಾ ಆಯೋಗ. ಫೋನು, ಇಂಟರ್‌ನೆಟ್ಟು, ಟವರು ಇವುಗಳ ಬಗ್ಗೆ ಮುಂದಿನ ವರ್ಷಗಳಲ್ಲಿ ಸರ್ಕಾರ ಯಾವ ಸಂಶೋಧನೆ ಮೊದಲು ಮಾಡಿಸಬೇಕು ಎಂದು ಜನರನ್ನೇ ಕೇಳುವುದು ಅದರ ಕೆಲಸವಂತೆ. ಪರದೆಯ ಮೇಲೆ ಡ್ರೈವರಿಲ್ಲದೆ ಓಡುವ ಟ್ರ್ಯಾಕ್ಟರು ಬಂತು. ದೆಹಲಿಯಲ್ಲಿ ಕೂತು ರಾಯಚೂರಿನ ರೋಗಿಯ ಹೊಟ್ಟೆ ಕೊಯ್ಯುವ ಡಾಕ್ಟರು ಬಂದ. ಒಳಗೆ ಹಾಲು ಮುಗಿದದ್ದನ್ನು ತಾನೇ ತಿಳಿದುಕೊಂಡು ಅಂಗಡಿಗೆ ಹೇಳಿ ಕಳಿಸುವ ಫ್ರಿಜ್ಜು ಬಂತು. "ಇವುಗಳಲ್ಲಿ ನಿಮಗೆ ಮೊದಲು ಯಾವುದು ಬೇಕು?" ಎಂದು ಆಯೋಗದ ವಿಜ್ಞಾನಿ ಡಾಕ್ಟರ್ ಉಮಾದೇವಿ ಕೇಳಿದರು. ಕನಕರಾಯನಿಗೆ ಸಿಟ್ಟು ನೆತ್ತಿಗೇರಿತು.

"ಮೇಡಂ, ಫ್ರಿಜ್ಜಿನ ಚಿಂತಿ ಆಮ್ಯಾಲ ಮಾಡೋಣ್ರಿ. ನಮ್ಮೂರು ಕರಿಬಂಡೆ ದೊಡ್ಡ್ಯಾಗ ಟವರ್ ನಿಂತು ವರ್ಸಗಟ್ಲೆ ಆತು, ಇನ್ನಾ ಅದರಾಗ ಜೀವ ಇಲ್ಲ. ಅದ್ಯಾಕಂತ ಮೊದಲು ಸಂಶೋಧನಿ ಮಾಡ್ರಿ. ನಾ ಸುಳ್ಳು ಹೇಳಾಕತ್ತೀನಿ ಅನಿಸಿದ್ರ ಬಂದು ನೋಡ್ರಿ!"

ಸಭೆಯೆಲ್ಲ ನಕ್ಕಿತು. ಉಮಾದೇವಿ ಮೇಡಂ ಮಾತ್ರ ನಗಲಿಲ್ಲ. "ಬರ್ತೀವಿ," ಎಂದರು. ನಗದವರನ್ನು ಕಂಡರೆ ಹೆದರಬೇಕು ಎಂಬ ಬುದ್ಧಿ ಕನಕರಾಯನಿಗೆ ಆಗ ಇರಲಿಲ್ಲ.

ಅವನ ಊರು ಕರಿಬಂಡೆ ದೊಡ್ಡಿ, ದೇವದುರ್ಗ ತಾಲೂಕಿನಲ್ಲಿ ಮಸರಕಲ್ ದಾಟಿ ಒಳಗೆ ಹೋದರೆ ಸಿಗುತ್ತದೆ. ಊರಿನ ಬೆನ್ನಿಗೆ ಒಂದು ದೊಡ್ಡ ಕರಿಯ ಬಂಡೆ. ಫೋನಿನ ಸಿಗ್ನಲ್ ಎಂಬುದು ಸಿಗುವುದು ಅದರ ನೆತ್ತಿಯ ಮೇಲೆ ಮಾತ್ರ, ಅದೂ ಗಾಳಿ ಮನಸ್ಸು ಮಾಡಿದರೆ. ರೇಷನ್ ಅಕ್ಕಿ ಕೊಡಬೇಕಾದರೆ ಮಷಿನ್ನಿಗೆ ಹೆಬ್ಬೆಟ್ಟು ಒತ್ತಬೇಕು, ಮಷಿನ್ ಅದನ್ನು ಸರ್ಕಾರಕ್ಕೆ ಕಳಿಸಿ ಒಪ್ಪಿಗೆ ತರಬೇಕು. ಆದ್ದರಿಂದ ಅಕ್ಕಿ ಕೆಳಗೆ ಅಂಗಡಿಯಲ್ಲಿ, ಒಪ್ಪಿಗೆ ಮೇಲೆ ಬಂಡೆಯಲ್ಲಿ. ತಿಂಗಳಿಗೊಮ್ಮೆ ಕನಕರಾಯ ಮಷಿನ್ ಕೊರಳಿಗೆ ಹಾಕಿಕೊಂಡು ಬಂಡೆ ಹತ್ತುತ್ತಾನೆ. ಹಿಂದೆ ಇಡೀ ಊರು ಹೆಬ್ಬೆಟ್ಟು ಹಿಡಿದುಕೊಂಡು ಹತ್ತುತ್ತದೆ. ಮಷಿನ್ ಮುನಿಸಿಕೊಂಡರೆ ಎಲ್ಲರೂ ಬೈಯುವುದು ಸರ್ಕಾರವನ್ನಲ್ಲ, ಕನಕರಾಯನನ್ನು. ಸರ್ಕಾರ ಕೈಗೆ ಸಿಗುವುದಿಲ್ಲ, ಇವನು ಸಿಗುತ್ತಾನೆ.

ಹಿಂದಿನ ಮಳೆಗಾಲದಲ್ಲಿ ಮುದುಕಿ ಹುಲಗೆಮ್ಮ ಆ ಬಂಡೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಸೊಂಟ ಮುರಿದರೂ ಸರ್ಕಾರಕ್ಕೆ ಅವಳ ಹೆಬ್ಬೆಟ್ಟು ಬೇಕೇ ಬೇಕು. ಅಂದಿನಿಂದ ಕನಕರಾಯ ಕೊರಳಲ್ಲಿ ಮಷಿನ್, ಬೆನ್ನ ಮೇಲೆ ಹುಲಗೆಮ್ಮನನ್ನು ಹೊತ್ತು ಹತ್ತುತ್ತಾನೆ. "ಮೆತ್ತಗ ನಡಿಲೇ, ನಾ ಏನು ಅಕ್ಕಿ ಚೀಲೇನು?" ಎಂದು ಅವಳು ದಾರಿಯುದ್ದಕ್ಕೂ ಅವನ ಕಿವಿಯಲ್ಲೇ ಬೈಯುತ್ತಾಳೆ. ಒಂದು ಹಿಡಿ ಅಕ್ಕಿಗೆ ಸೊಂಟ ಮುರಿದ ಮುದುಕಿಯನ್ನು ಬಂಡೆ ಹತ್ತಿಸುವ ವ್ಯವಸ್ಥೆಗೆ ಒಂದು ಹೆಸರಿದೆ. ಅದನ್ನು ಹುಲಗೆಮ್ಮ ದಿನಾ ಬಾಯ್ತುಂಬ ಹೇಳುತ್ತಾಳೆ, ಇಲ್ಲಿ ಬರೆಯುವಂಥದ್ದಲ್ಲ.

ಆಯೋಗದವರು ಬರುವ ದಿನ ರೇಷನ್ ಹಂಚುವ ದಿನವೇ ಆಗಿತ್ತು. ಬೆಳಗಾಗುವ ಹೊತ್ತಿಗೆ ಪಂಚಾಯ್ತಿ ಮೆಂಬರ್ ಗೋಪಮ್ಮ ಟವರಿನ ಬುಡದಲ್ಲಿ ಮಲಗುತ್ತಿದ್ದ ಕುರಿಗಳನ್ನೆಲ್ಲ ಓಡಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕಿಸಿದ್ದಳು.

"ಕನಕಣ್ಣ, ಬಂದೋರ ಮುಂದ ಇಲ್ಲ ಇಲ್ಲ ಅಂತ ಊರ ಮಾನ ಕಳಿಬ್ಯಾಡ. ಎಲ್ಲಾ ಅದ ಅನ್ನು," ಎಂದಳು.

"ಎಲ್ಲಾ ಅದ ಅಂದ್ರ ಅವರು ಯಾಕ ಬರ್ತಾರಕ್ಕ? ರಂಗೋಲಿ ನೋಡಾಕೇನು?"

ಎದುರಿನ ಚಹಾದಂಗಡಿಯ ದಸ್ತಗೀರ್ ಸಾಬ್ ಹಾಲು ಕಾಯಿಸುತ್ತಾ ಬಾಯಿ ಹಾಕಿದ. "ಅರೆ ಭಾಯ್, ಯಾಕ ಸುಮ್ನ ಲಫಡಾ ಮಾಡ್ತೀ? ಅಲ್ಲಿ ನೋಡು, ಕರೆಂಟಿನೋರು ಕಂಬ ಹತ್ಯಾರ. ಟವರಿಗೆ ವೈರ್ ಎಳದು ಮುಗಿಯಾಕ ಬಂದದ. ಮುಂದಿನ ವಾರ ಚಾಲೂ ಅಂತ ಅವರ ಬಾಯಿಂದನ ಕೇಳೀನಿ."

"ಮುಂದಿನ ವಾರ! ಆ ಮಾತು ಕೇಳಿ ಕೇಳಿ ನನ್ನ ಬೆನ್ನು ಬಾಗಿ ಹೋಗ್ಯದ, ಸಾಬ್. ದೊಡ್ಡೋರು ಒಮ್ಮೆ ಕಣ್ಣಾರೆ ನೋಡಿ ಹೋಗ್ಲಿ. ಆವಾಗ ಯಾವನೂ ಮುಂದಿನ ವಾರ ಅನ್ನಂಗಿಲ್ಲ."

ಕಂಬದ ಮೇಲಿದ್ದವನು ಇವರತ್ತ ನೋಡಿ ಕೈ ಬೀಸಿದ. ಪಾಪ, ಅವನು ನಿಜವನ್ನೇ ಹೇಳಿದ್ದ.

ಹೊತ್ತೇರುವ ಹೊತ್ತಿಗೆ ಬಿಳಿಯ ವ್ಯಾನೊಂದು ಧೂಳೆಬ್ಬಿಸಿಕೊಂಡು ಬಂದು ರೇಷನ್ ಅಂಗಡಿಯ ಮುಂದೆಯೇ ನಿಂತಿತು. ಅದರ ನೆತ್ತಿಯ ಮೇಲೆ ಆಕಾಶದಿಂದ ಸಿಗ್ನಲ್ ಹಿಡಿಯುವ ದೊಡ್ಡ ತಟ್ಟೆ, ಪಕ್ಕದಲ್ಲಿ ಅದನ್ನು ಸುತ್ತಲೂ ಹಬ್ಬಿಸುವ ಮಡಚುವ ಕಂಬ. ಉಮಾದೇವಿ ಮೇಡಂ ಇಳಿದರು. ಅವರ ಹಿಂದೆ ತಾಲೂಕಿನ ಸಾಹೇಬರು ಹನುಮಂತರಾಯರು ಬೆವರು ಒರೆಸುತ್ತಾ ಇಳಿದರು. ಮೇಡಂ ಅಲ್ಲಿಂದಲೇ ದೆಹಲಿಯವರೊಡನೆ ಮಾತಾಡಬೇಕಾಗಿತ್ತು. ಡ್ರೈವರ್ ದಿನದ ರೂಢಿಯಂತೆ ಕಂಬ ಮೇಲೆತ್ತಿ ಗುಂಡಿ ಒತ್ತಿದ.

ಒತ್ತಿದ್ದೇ ತಡ, ಊರಿನ ಫೋನುಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ವರ್ಷಗಟ್ಟಲೆ ದಾರಿಯಲ್ಲಿ ಸಿಕ್ಕಿಬಿದ್ದಿದ್ದ ಮೆಸೇಜುಗಳು ಟಣ್ ಟಣ್ ಎಂದು ಸುರಿದವು. ದಸ್ತಗೀರ್ ಸಾಬನಿಗೆ ತಂಗಿಯ ಮಗನ ನಿಕಾಹ್‌ಗೆ ಕರೆ ಬಂತು. ಅಷ್ಟರಲ್ಲಿ ಆ ಜೋಡಿಗೆ ಮಗುವಾಗಿ ಅದು ಅಂಬೆಗಾಲಿಡುತ್ತಿತ್ತು. ಗೋಪಮ್ಮ ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋದ ಮಗಳ ಮುಖವನ್ನು ಫೋನಿನಲ್ಲಿ ಕಂಡು "ಯವ್ವಾ, ಎಷ್ಟ್ ಕರ್ರಗ ಆಗಿಯೇ!" ಎಂದು ಅಳತೊಡಗಿದಳು. ಅಂಗಡಿ ಬಾಗಿಲಲ್ಲೇ ಮಷಿನ್ ಹುಲಗೆಮ್ಮನ ಹೆಬ್ಬೆಟ್ಟನ್ನು ಒಂದೇ ಏಟಿಗೆ ಒಪ್ಪಿಕೊಂಡಿತು.

"ಮ್ಯಾಲ ಹೋಗೋದಿಲ್ಲೇನ್ಲೇ?" ಮುದುಕಿ ಕಣ್ಣರಳಿಸಿದಳು. "ಹಂಗಾರ ಈ ಗಾಡಿ ಗಾಲಿ ಬಿಚ್ಚಿ ಇಲ್ಲೇ ಇಟಗೊಳ್ರಿ!"

ಡ್ರೈವರ್ ಕಂಬ ಎತ್ತಿದ್ದನ್ನು ಗಮನಿಸದ ಮೇಡಂ ಕೈಯಲ್ಲಿದ್ದ ಅಳತೆಯ ಯಂತ್ರ ನೋಡಿದರು. "ಕನಕರಾಯರೇ, ಇಲ್ಲಿ ಸಿಗ್ನಲ್ ತುಂಬಾ ಚೆನ್ನಾಗಿದೆಯಲ್ಲ! ಬೆಂಗಳೂರಿನ ನಮ್ಮ ಆಫೀಸಲ್ಲೂ ಇಷ್ಟಿಲ್ಲ."

"ಅದು ನಿಮ್ಮ ಗಾಡೀದ್ರೀ ಮೇಡಂ! ನೀವು ಬಂದೀರಂತ ಬಂದದ. ನೀವು ಹೋದ್ರ ಅದೂ ಹೋಗ್ತದ!"

ಹನುಮಂತರಾಯರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. "ಮೇಡಂ, ಈತ ಮೊದಲಿಂದ ಹಿಂಗ. ಎಲ್ಲಾ ಸರಿ ಇದ್ರೂ ತಕರಾರು. ನಡ್ರಿ, ಊಟದ ಹೊತ್ತಾತು," ಎಂದರು.

ಕನಕರಾಯ ಊರವರ ಕಡೆ ತಿರುಗಿದ. "ನೀವಾದ್ರೂ ಹೇಳ್ರಲೇ! ಗೋಪಮ್ಮಕ್ಕ, ಸಾಬ್, ಹೇಳ್ರಿ!"

"ಸುಮ್ಕಿರೋ, ಮಗಳ ಜೋಡಿ ಮಾತಾಡಾಕತ್ತೀನಿ," ಎಂದಳು ಗೋಪಮ್ಮ, ತಲೆ ಎತ್ತದೆ. ದಸ್ತಗೀರ್ ಸಾಬನ ಹಾಲು ಉಕ್ಕಿ ಒಲೆ ಆರಿತ್ತು. ಅವನು ಯಾರೋ ಮೀನು ಹಿಡಿಯುವ ವಿಡಿಯೊ ನೋಡುತ್ತಾ ಬೇರೆ ಲೋಕದಲ್ಲಿದ್ದ.

ಇಷ್ಟು ವರ್ಷ ಬಂಡೆ ಹತ್ತುವಾಗ ತನ್ನನ್ನು ಬೈದ ಬಾಯಿಗಳು ಇವೇ. ಇವತ್ತು ಒಂದು ಮಾತಾಡಬೇಕಾದ ಕಡೆ ಒಂದೂ ತೆರೆಯಲಿಲ್ಲ. ಕನಕರಾಯನ ಮೈಯೆಲ್ಲ ಉರಿಯಿತು. ವ್ಯಾನಿನೊಳಗೆ ನುಗ್ಗಿದ. ಡ್ರೈವರ್ ಅಂಗಿ ಹಿಡಿದು ಎಳೆದ, ಇವನು ವೈರು ಹಿಡಿದು ಎಳೆದ. ಅಂಗಿಯೂ ಹರಿಯಿತು, ವೈರೂ ಕಿತ್ತು ಬಂತು. ಊರಿನ ಫೋನುಗಳೆಲ್ಲ ಒಮ್ಮೆಲೇ ಸತ್ತವು.

ಮೊದಲು ಕೂಗಿದವಳು ಗೋಪಮ್ಮ. "ನನ್ನ ಮಗಳು ಅಳಾಕತ್ತಿದ್ಲಲ್ಲೋ, ಹಾಳಾಗಿ ಹೋಗು ನೀನು!" ದಸ್ತಗೀರ್ ಸಾಬ್ ಚಹಾ ಸೋಸುವ ಸಾಣಿಗೆ ಹಿಡಿದುಕೊಂಡೇ ಎದ್ದು ಬಂದ. ಹೊಡೆಯಲು ಬಂದ ಊರವರ ನಡುವೆ ಅರ್ಧ ಅಂಗಿಯಲ್ಲಿ ನಿಂತ ಕನಕರಾಯ ಮೇಡಂ ಕಡೆ ಕೈ ಚಾಚಿ ಅರಚಿದ.

"ಈಗ ನೋಡ್ರಿ ನಿಮ್ಮ ಯಂತ್ರ! ಏನದ ಅದರಾಗ?"

ಮೇಡಂ ನೋಡಿದರು. ಸೊನ್ನೆ. ಟವರಿನ ಬುಡಕ್ಕೆ ಹೋಗಿ ನೋಡಿದರು, ಅಲ್ಲೂ ಸೊನ್ನೆ. ಅವರ ಮುಖ ಬದಲಾಯಿತು. "ಹಾಗಾದರೆ ನೀವು ಅಕ್ಕಿ ಹೇಗೆ ಕೊಡ್ತೀರಿ?"

"ತೋರಸ್ತೀನಿ ಬರ್ರಿ," ಎಂದ ಕನಕರಾಯ. ಮಷಿನ್ ಕೊರಳಿಗೆ ಹಾಕಿಕೊಂಡು ಹುಲಗೆಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಯವ್ವಾ, ಹತ್ತು."

"ಲೇ, ನಂದು ಆತಲ್ಲೋ ಈಗ!"

"ಗೋದಿದು ಬಾಕಿ ಅದ. ಹತ್ತು."

ಉರಿಬಿಸಿಲಿನಲ್ಲಿ ಆ ಮೆರವಣಿಗೆ ಹೊರಟಿತು. ಮುಂದೆ ಮುದುಕಿಯನ್ನು ಹೊತ್ತ ಕನಕರಾಯ, ಹಿಂದೆ ಮೇಡಂ, ಅವರ ಹಿಂದೆ ಬೂಟು ಜಾರಿ ಕೈಕಾಲು ನಾಲ್ಕೂ ಊರಿ ಹತ್ತುತ್ತಿದ್ದ ಹನುಮಂತರಾಯರು. ಸಿಟ್ಟು ಮಾಡಿಕೊಂಡಿದ್ದ ಊರವರೂ ಸಾಹೇಬರು ಬೀಳುವುದನ್ನು ನೋಡುವ ಆಸೆಗೆ ಬೆನ್ನು ಹತ್ತಿದರು. ನೆತ್ತಿಯ ಮೇಲೆ ಕನಕರಾಯ ಮಷಿನ್ ಆಕಾಶಕ್ಕೆ ಹಿಡಿದ. ಹುಲಗೆಮ್ಮ ಹೆಬ್ಬೆಟ್ಟು ಒತ್ತಿದಳು. ಒಪ್ಪಲಿಲ್ಲ. ಸೆರಗಿಗೆ ಒರೆಸಿ ಒತ್ತಿದಳು. ಒಪ್ಪಲಿಲ್ಲ. ಎಂಜಲು ಹಚ್ಚಿ, ಮಷಿನ್ನಿನ ವಂಶವನ್ನೆಲ್ಲ ಬೈದು ಒತ್ತಿದಾಗ ಅದು ಹೆದರಿದಂತೆ ಕುಂಯ್ ಎಂದು ಒಪ್ಪಿಕೊಂಡಿತು.

"ಇಲ್ಲೇ ನೋಡವ್ವ ನಾ ಬಿದ್ದದ್ದು," ಎಂದು ಮುದುಕಿ ಮೇಡಂಗೆ ಕಲ್ಲು ತೋರಿಸಿದಳು. "ಸೊಂಟ ಹೋತು. ಅಕ್ಕಿ ಬಂತು."

ಉಮಾದೇವಿ ಮೇಡಂ ಕಣ್ಣಲ್ಲಿ ನೀರಾಡಿತು. ಕನಕರಾಯನ ಎರಡೂ ಕೈ ಹಿಡಿದುಕೊಂಡರು. "ಇಂಥಾ ಊರನ್ನೇ ನಾನು ವರ್ಷಗಟ್ಟಲೆ ಹುಡುಕ್ತಿದ್ದೆ. ಇನ್ನು ನಮ್ಮ ಮೊದಲ ಆದ್ಯತೆ ನಿಮ್ಮ ಊರೇ. ಕೆಳಗೆ ಬನ್ನಿ, ಎಲ್ಲರ ಮುಂದೆ ಹೇಳ್ತೀನಿ."

ಕನಕರಾಯ ಬಂಡೆಯ ಮೇಲಿಂದ ಕೂಗಿದ ಕೂಗು ಮಸರಕಲ್ಲಿಗೂ ಕೇಳಿಸಿರಬೇಕು. ಹೊಡೆಯಲು ಬಂದಿದ್ದ ಊರವರೇ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಇಳಿದರು. ಜನ್ಮದಲ್ಲಿ ಮೊದಲ ಸಲ ಆ ಬಂಡೆಯ ಮೇಲೆ ಅವನು ಹೊರುವವನಾಗಿರಲಿಲ್ಲ. ದಸ್ತಗೀರ್ ಸಾಬ್ ತಾನು ಮೊದಲೇ ಹೇಳಿದ್ದೆ ಎಂದ. ಗೋಪಮ್ಮ ರಂಗೋಲಿಗೆ ಇನ್ನೊಂದು ಸುತ್ತು ಬಣ್ಣ ಹಾಕಿದಳು.

ಟವರಿನ ನೆರಳಿನಲ್ಲಿ ನಿಂತು ಮೇಡಂ ಮಾತಾಡಿದರು. "ಒಳ್ಳೆಯ ನೆಟ್‌ವರ್ಕ್ ಬಂದರೆ ಜನರ ಬದುಕು ಎಷ್ಟು ಸುಧಾರಿಸುತ್ತೆ ಅಂತ ಈ ದೇಶದಲ್ಲಿ ಯಾರೂ ಸರಿಯಾಗಿ ಅಳೆದಿಲ್ಲ. ನಾವು ಅಳೀತೀವಿ. ಅದಕ್ಕೆ ಎರಡು ಊರು ಬೇಕು. ಮಾನ್ವಿ ಕಡೆ ಒಂದು ಊರು ಆಯ್ಕೆ ಆಗಿದೆ. ಅಲ್ಲಿಗೆ ಹೊಸ ಟವರು, ಮನೆಮನೆಗೆ ವೈಫೈ, ಮಕ್ಕಳಿಗೆ ಟ್ಯಾಬು, ಎಲ್ಲ ಕೊಡ್ತೀವಿ."

ಚಪ್ಪಾಳೆ ಬಿತ್ತು. ಮಾನ್ವಿಗೇ ಅಷ್ಟಾದರೆ ನಮಗೆಷ್ಟು ಎಂದು ಗೋಪಮ್ಮ ಪಕ್ಕದವಳ ತೊಡೆ ಚಿವುಟಿದಳು.

"ಅದರ ಜೊತೆ ಹೋಲಿಸಿ ನೋಡೋಕೆ, ಏನೂ ಇಲ್ಲದ ಒಂದು ಊರು ಬೇಕಿತ್ತು. ಅದು ನಿಮ್ಮದು. ಐದು ವರ್ಷ ಇಲ್ಲಿ ಏನೂ ಬದಲಾಗಬಾರದು. ಬದಲಾದರೆ ಲೆಕ್ಕ ಕೆಡುತ್ತೆ." ಮೇಡಂ ಕರೆಂಟಿನ ಕಂಬದ ಕಡೆ ನೋಡಿದರು. "ಹನುಮಂತರಾಯರೇ, ಆ ವೈರ್ ಏನದು?"

ಹನುಮಂತರಾಯರು ಕೈ ಬೀಸಿದರು. ಕಂಬದ ಮೇಲಿದ್ದವನು ಹಾಕಿದ್ದ ವೈರನ್ನು ಬಿಚ್ಚಿ ಸುತ್ತತೊಡಗಿದ.

"ಮೇಡಂ!" ಕನಕರಾಯ ಮುಂದೆ ನುಗ್ಗಿದ. "ಆ ಮುದುಕಿ ಐದು ವರ್ಸ ಬಂಡೆ ಹತ್ತಬೇಕೇನ್ರೀ?"

"ಅದನ್ನೇ ನಾವು ದಾಖಲೆ ಮಾಡೋದು," ಎಂದರು ಮೇಡಂ, ತುಂಬು ಕನಿಕರದಿಂದ. "ಪ್ರತಿ ತಿಂಗಳು ನಮ್ಮವರು ಬರ್ತಾರೆ. ಎಷ್ಟು ಜನ ಹತ್ತಿದರು, ಎಷ್ಟು ಜನ ಬಿದ್ದರು, ಎಲ್ಲ ಬರೆದುಕೊಳ್ತಾರೆ. ಯಾರೂ ಕದ್ದು ಸಿಗ್ನಲ್ ತರದ ಹಾಗೆ ನೋಡಿಕೊಳ್ಳೋ ಜವಾಬ್ದಾರಿ ನಿಮ್ಮದು. ಇವತ್ತು ವ್ಯಾನಿನ ವೈರ್ ಕಿತ್ತಿರಲ್ಲ, ಅಂಥಾ ಪ್ರಾಮಾಣಿಕರು ಸಿಗೋದು ಕಷ್ಟ."

ಅವನ ಕೊರಳಿಗೆ ಆಯೋಗದ ಹೆಸರಿನ ಬಿಲ್ಲೆಯೊಂದು ಬಿತ್ತು. ವ್ಯಾನು ಕಂಬ ಮಡಚಿಕೊಂಡು ಹೊರಟಿತು. ಧೂಳು ಇಳಿದಾಗ ಊರೆಲ್ಲ ಅವನನ್ನೇ ನೋಡುತ್ತಿತ್ತು. ದಸ್ತಗೀರ್ ಸಾಬ್ ಸಾಣಿಗೆಯನ್ನು ನೆಲಕ್ಕೆ ಎಸೆದು ಅಂಗಡಿಯೊಳಗೆ ಹೋದ. ಓಡಿಸಿದ್ದ ಕುರಿಗಳು ಒಂದೊಂದಾಗಿ ಬಂದು ರಂಗೋಲಿಯ ಮೇಲೆ ಮಲಗಿದವು.

ಆಗ ಮೇಲಿನಿಂದ ಒಂದು ಕೂಗು ಕೇಳಿಸಿತು. "ಲೇ ಕನಕಾ! ಸತ್ತೀಯೇನ್ಲೇ?"

ಸಂಭ್ರಮದಲ್ಲಿ ಹುಲಗೆಮ್ಮನನ್ನು ಬಂಡೆಯ ಮೇಲೆಯೇ ಮರೆತು ಬಂದಿದ್ದರು.

ಕನಕರಾಯ ಕೊರಳಲ್ಲಿ ಬಿಲ್ಲೆ, ಮೈಮೇಲೆ ಅರ್ಧ ಅಂಗಿ ಇಟ್ಟುಕೊಂಡು ಮತ್ತೆ ಬಂಡೆ ಹತ್ತಿದ. ಮುದುಕಿ ಕಾದ ಕಲ್ಲಿನ ಮೇಲೆ ಸೆರಗು ಹೊದ್ದು ಕೂತಿದ್ದಳು.

"ಬಂತೇನ್ಲೇ ಟವರು?"

ಅವನು ಎಲ್ಲವನ್ನೂ ಹೇಳಿದ. ಅವಳು ಬೈಯುತ್ತಾಳೆ ಎಂದು ಕಾದ. ಅವಳು ಕೆಳಗೆ ವೈರು ಸುತ್ತಿಕೊಂಡು ಹೋಗುತ್ತಿದ್ದವರನ್ನು ನೋಡಿದಳು. ಅವನು ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಟ್ಟ.

"ಐದು ವರ್ಸನಾ?" ಎಂದಳು ಹುಲಗೆಮ್ಮ. "ಹಂಗಾರ ನನ್ನ ಇಲ್ಲೇ ಬಿಟ್ಟು ಹೋಗಪ್ಪಾ. ತಿಂಗಳ ತಿಂಗಳ ಅಕ್ಕಿ ಹೊತ್ಕೊಂಡು ಬಾ. ಅದು ನನಗಿಂತ ಹಗುರ ಅದ."